ಸೆರಹಳ ಹಾಡಿನ ಕಥೆಯನ್ನು ಮಕ್ಕಳಿಗೆ ಹೇಳುವುದು ಹೇಗೆ?

ಮುಳಬಾಗಿಲಿನ ನಮ್ಮ ಮನೆ ಜಗಲಿಯಲ್ಲಿ ಸಂಜೆ ಕರೆಂಟ್ ಹೋದರೆ ಮಕ್ಕಳು ಕೇಳುವುದು ಇದೇ ಕಥೆ. ಯಹೂದಿಗಳ ದಂತಕಥೆ ಇದು. ಸೆರಹ ಯಾಕೋಬನ ಮೊಮ್ಮಗಳು; ಬೈಬಲ್‌ನಲ್ಲಿ ಅವಳ ಹೆಸರಷ್ಟೇ ಇದೆ.

ಮೊದಲ ಭಾಗ ಬೇಗ ಮುಗಿಸಿ. ಅಣ್ಣಂದಿರು ಯೋಸೇಫನನ್ನು ಮಾರಿದರು. ಅವನು ಸತ್ತ ಅಂತ ನಂಬಿಸಲು ಅವನ ಅಂಗಿಯನ್ನು ಮೇಕೆ ರಕ್ತದಲ್ಲಿ ಅದ್ದಿ ಅಪ್ಪ ಯಾಕೋಬನಿಗೆ ಕಳಿಸಿದರು. ಅಷ್ಟು ಸಾಕು.

ಇನ್ನು ನಿಧಾನ. ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಯೋಸೇಫ ಐಗುಪ್ತದಲ್ಲಿ, ಅಂದರೆ ಈಜಿಪ್ಟ್‌ನಲ್ಲಿ, ಬದುಕಿದ್ದಾನೆ. ಆದರೆ ಯಾಕೋಬನಿಗೆ ಆಗಲೇ 130 ವರ್ಷ. ದಿಢೀರಂತ ಹೇಳಿದರೆ ಎದೆ ಒಡೆದುಹೋಗಲ್ವಾ? ಇಲ್ಲಿ ನಿಲ್ಲಿಸಿ, ನೀವಾದರೆ ಹೇಗೆ ಹೇಳ್ತೀರಿ ಅಂತ ಕೇಳಿ. 'ಮೊದಲು ಕುಡಿಯೋಕೆ ನೀರು ಕೊಡ್ತೀನಿ' ಅಂದಳು ನನ್ನ ಮೊಮ್ಮಗಳು. ಎಂಥ ಒಳ್ಳೆ ಉತ್ತರ!

ಯೋಸೇಫನ ಅಣ್ಣ ಆಶೇರನ ಮಗಳು ಸೆರಹ ಕಿನ್ನರಿ ಎಂಬ ತಂತಿವಾದ್ಯ ಹಿಡಿದು ಅಜ್ಜನ ಪಕ್ಕ ಕೂತಳು. ಇಲ್ಲಿಗೆ ಬಂದಾಗ ನಾನು ನಮ್ಮಪ್ಪನ ಏಕತಾರಿ ತೆಗೆಯುತ್ತೇನೆ. ಅದರಲ್ಲಿ ಅವರು ಕೈವಾರ ತಾತಯ್ಯನ ಪದ ಹಾಡುತ್ತಿದ್ದರು. ತಂತಿಯನ್ನು ಮೆಲ್ಲಗೆ ಮೀಟಿ, 'ಚಿಕ್ಕಪ್ಪ ಯೋಸೇಫ ಬದುಕಿದ್ದಾನೆ' ಅಂತ ಮೂರು ಸಲ ಹಾಡಿ. ಮೊದಲ ಸಲ ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳಿಸಬೇಕು. ಮೂರನೇ ಸಲಕ್ಕೆ ಮಕ್ಕಳೇ ದನಿಗೂಡಿಸುತ್ತಾರೆ. ಆಗ ಯಾಕೋಬ ತಲೆ ಎತ್ತಲಿ.

ಸಾವು ನಿನ್ನನ್ನು ಮುಟ್ಟದಿರಲಿ ಎಂದು ಅಜ್ಜ ಹರಸಿದ. ಅವಳು ನೂರಾರು ವರ್ಷ ಬದುಕಿದಳಂತೆ. ನೈಲ್ ನದಿಯಲ್ಲಿ ಮುಳುಗಿದ್ದ ಯೋಸೇಫನ ಶವಪೆಟ್ಟಿಗೆ ಎಲ್ಲಿದೆ ಅಂತ, ಮುಂದೆ ತಮ್ಮ ಜನರನ್ನು ಐಗುಪ್ತದಿಂದ ಬಿಡಿಸಿದ ಮೋಶೆಗೆ ತೋರಿಸಿದವಳೂ ಅವಳೇ. ಅದನ್ನು ಮರುದಿನಕ್ಕೆ ಇಟ್ಟುಕೊಳ್ಳಿ.