ಕೈಯಲ್ಲಿ ಹೆಣೆದ ಸಾಕ್ಸ್ ತೂತಾಯ್ತಾ? ಎಸೆಯಬೇಡಿ, ರಫು ಮಾಡಿ

ಕೈಯಲ್ಲಿ ಹೆಣೆದ ಉಲ್ಲನ್ ಸಾಕ್ಸ್ ಮೊದಲು ಸವೆಯುವುದು ಹಿಮ್ಮಡಿಯಲ್ಲಿ, ಇಲ್ಲಾಂದ್ರೆ ಹೆಬ್ಬೆರಳ ತುದಿಯಲ್ಲಿ. ಉಳಿದ ಭಾಗವೆಲ್ಲ ಗಟ್ಟಿಯಾಗಿಯೇ ಇರುತ್ತದೆ. ಒಂದು ಜೊತೆ ತೆಳು ಸಾಕ್ಸ್‌ಗೆ ಸುಮಾರು 100 ಗ್ರಾಂ, ಅಂದರೆ 400 ಮೀಟರ್ ಹತ್ತಿರ ನೂಲು ಬೇಕು. ಅಷ್ಟನ್ನೂ ಯಾರೋ ಕೂತು ಒಂದೊಂದೇ ಕುಣಿಕೆ ಎತ್ತಿ ಹೆಣೆದಿರುತ್ತಾರೆ. ಒಂದು ರೂಪಾಯಿ ನಾಣ್ಯದಷ್ಟು ತೂತಿಗೆ ಅದನ್ನು ಕಸಕ್ಕೆ ಹಾಕೋದು ನನಗಂತೂ ಸರಿ ಅನ್ನಿಸುವುದಿಲ್ಲ.

ತೂತು ಬೀಳುವ ತನಕ ಕಾಯಬೇಡಿ. ಒಗೆದು ಒಣಗಿದ ಮೇಲೆ ಸಾಕ್ಸ್ ಒಳಗೆ ಕೈ ಹಾಕಿ, ಬೆರಳು ಅಗಲಿಸಿ, ಕಿಟಕಿ ಬೆಳಕಿಗೆ ಹಿಡಿಯಿರಿ. ಬೆರಳು ಕಾಣುವಷ್ಟು ತೆಳುವಾದ ಜಾಗ ಸಿಕ್ಕಿದರೆ ಅಲ್ಲಿ ಕುಣಿಕೆಯ ಮೇಲೆ ಕುಣಿಕೆ ಕೂರಿಸಿದರೆ ಸಾಕು. ಹೊರಬದಿಯಲ್ಲಿ ಪ್ರತಿ ಕುಣಿಕೆಯೂ ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಕಾಣುತ್ತದೆ. ಆ 'ವಿ'ಯ ಬುಡದಿಂದ ಸೂಜಿ ಮೇಲೆತ್ತಿ, ಅದರ ಮೇಲಿನ 'ವಿ'ಯ ಎರಡೂ ಕಾಲಿನ ಹಿಂದಿನಿಂದ ಹಾಯಿಸಿ, ಮತ್ತೆ ಅದೇ ಬುಡದಲ್ಲಿ ಕೆಳಗಿಳಿಸಿ. ಸಾಲು ಪೂರ್ತಿ ಹೀಗೇ ಹೋಗಿ. ಮುಗಿದಾಗ ಹಳೆಯ ಹೆಣಿಗೆಯೇ ದಪ್ಪಗಾದಂತೆ ಕಾಣುತ್ತದೆ, ಮೊದಲಿನಂತೆಯೇ ಹಿಗ್ಗುತ್ತದೆ ಕೂಡ.

ತೂತು ಬಿದ್ದಾಗಿದ್ದರೆ ನೇಯಬೇಕು. ಹೆಣೆದಾಗ ಉಳಿದ ನೂಲೇ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಅಷ್ಟೇ ದಪ್ಪದ ಅಥವಾ ಕೊಂಚ ತೆಳುವಾದ ನೂಲು ತನ್ನಿ. ದಪ್ಪ ನೂಲು ಗಂಟಿನಂತೆ ಉಬ್ಬಿ, ಶೂ ಒಳಗೆ ಕಾಲಿಗೆ ಬೊಬ್ಬೆ ಬರಿಸುತ್ತದೆ. ಸ್ವಲ್ಪ ನೈಲಾನ್ ಬೆರೆತ ಉಣ್ಣೆ ಹಿಮ್ಮಡಿಗೆ ಜಾಸ್ತಿ ದಿನ ಬಾಳಿಕೆ ಬರುತ್ತದೆ. ಮನಾಲಿ, ಶಿಮ್ಲಾ ಕಡೆ ಪ್ರವಾಸ ಹೋದಾಗ ಕೊಂಡ ಬಣ್ಣಬಣ್ಣದ ಸಾಕ್ಸ್ ಉಣ್ಣೆಯದೋ ಅಕ್ರಿಲಿಕ್‌ನದೋ ಗೊತ್ತಾಗದಿದ್ದರೆ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಬಣ್ಣ ಹೊಂದಲೇಬೇಕು ಅಂತೇನಿಲ್ಲ. ರಫು ಎದ್ದು ಕಂಡರೂ ಚೆಂದವೇ.

ಸೂಜಿ ಮೊಂಡು ತುದಿಯದ್ದು, ಕಣ್ಣು ದೊಡ್ಡದಿರಲಿ. ಚೂಪು ಸೂಜಿ ನೂಲನ್ನೇ ಸೀಳುತ್ತದೆ. ಸಾಕ್ಸ್ ಒಳಗೆ ಒಂದು ದುಂಡನೆಯ ಸ್ಟೀಲ್ ಸೌಟು ಇಳಿಸಿ, ಅದರ ಬೆನ್ನು ತೂತಿನ ಕೆಳಗೆ ಬರುವಂತೆ ಹಿಡಿಯಿರಿ. ಬಟ್ಟೆ ಎಳೆದು ಬಿಗಿ ಮಾಡಬೇಡಿ, ಸುಮ್ನೆ ಹರಡಿದ್ದರೆ ಸಾಕು. ಬಿಗಿಯಾಗಿ ಎಳೆದು ನೇಯ್ದರೆ ಸೌಟು ತೆಗೆದ ಕೂಡಲೇ ಅಲ್ಲಿ ಸಡಿಲ ಜೋಳಿಗೆಯಾಗುತ್ತದೆ. ತೂತಿನ ಅಂಚಿನಲ್ಲಿ ಜೋತುಬಿದ್ದ ಕುಣಿಕೆಗಳನ್ನು ಕತ್ತರಿಸಲೇಬೇಡಿ, ಕತ್ತರಿಸಿದಷ್ಟೂ ತೂತು ಓಡುತ್ತದೆ.

ಮೊದಲು ಹಾಸು, ಅಂದರೆ ಉದ್ದುದ್ದ ಎಳೆಗಳು. ತೂತಿನ ಅಂಚಿಗಿಂತ ಅರ್ಧ ಇಂಚು ಆಚೆ, ಗಟ್ಟಿ ಇರುವ ಕಡೆಯಿಂದ ಶುರು ಮಾಡಿ. ಗಂಟು ಹಾಕಬೇಡಿ, ನಾಲ್ಕು ಇಂಚು ನೂಲು ಬಾಲ ಬಿಡಿ. ಗಟ್ಟಿ ಕುಣಿಕೆಗಳಲ್ಲಿ ಒಳಗೆ ಹೊರಗೆ ಪೋಣಿಸುತ್ತಾ ಹೋಗಿ, ತೂತು ಬಂದಾಗ ನೂಲನ್ನು ಅದರ ಮೇಲೆ ನೇರ ದಾಟಿಸಿ, ಆಚೆ ಬದಿಯಲ್ಲೂ ಅರ್ಧ ಇಂಚು ಪೋಣಿಸಿ, ತಿರುಗಿ ಪಕ್ಕದ ಸಾಲಿನಲ್ಲಿ ವಾಪಸ್ ಬನ್ನಿ. ತಿರುಗುವ ಪ್ರತಿ ಕಡೆ ನೂಲನ್ನು ಪೂರ್ತಿ ಎಳೆಯದೆ ಚಿಕ್ಕ ಕುಣಿಕೆ ಬಿಡಿ. ಉಣ್ಣೆ ಒಗೆದಾಗ ಸ್ವಲ್ಪ ಕುಗ್ಗುತ್ತದೆ ಅಲ್ವಾ, ಆ ಸಡಿಲು ಆಗ ಬೇಕಾಗುತ್ತದೆ.

ಆಮೇಲೆ ಹೊಕ್ಕು, ಅಂದರೆ ಅಡ್ಡ ಎಳೆಗಳು. ಈಗ ಅಡ್ಡಡ್ಡ ಹೋಗಿ. ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ. ವಾಪಸ್ ಬರುವಾಗ ಉಲ್ಟಾ ಮಾಡಿ. ಪ್ರತಿ ಸಾಲು ಮುಗಿದಾಗ ಸೂಜಿ ತುದಿಯಿಂದ ಹಿಂದಿನ ಸಾಲಿಗೆ ತಳ್ಳಿ ಒತ್ತಾಗಿ ಕೂರಿಸಿ. ನಿಧಾನದ ಕೆಲಸ ಇದು, ಅವಸರ ಮಾಡಿದರೆ ಎಳೆ ತಪ್ಪುತ್ತದೆ. ಕೊನೆಗೆ ಎರಡೂ ಬಾಲಗಳನ್ನು ಒಳಬದಿಯಲ್ಲಿ ಒಂದಿಂಚು ಪೋಣಿಸಿ ಕತ್ತರಿಸಿ.

ಬೆರಳ ಭಾಗ ಪೂರ್ತಿ ಹೋಗಿದ್ದರೆ ರಫು ಬೇಡ, ಬಿಚ್ಚಿ ಹೊಸದಾಗಿ ಹೆಣೆಯುವುದೇ ವಾಸಿ. ಮೇಲಿನ ಪಟ್ಟಿಯಿಂದ ಶುರುವಾದ ಸಾಕ್ಸ್ ಆದರೆ ಬೆರಳ ಕಡೆಯಿಂದ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಬೆರಳಿನಿಂದ ಹೆಣೆದದ್ದು ಹಾಗೆ ಬಿಚ್ಚುವುದಿಲ್ಲ. ಅದರಲ್ಲಿ ಗಟ್ಟಿ ಇರುವ ಒಂದು ಸುತ್ತಿನ ಕುಣಿಕೆಗಳನ್ನೆಲ್ಲ ಹೆಣಿಗೆ ಕಡ್ಡಿಗೆ ಏರಿಸಿಕೊಂಡು, ಆಮೇಲೆ ಸವೆದ ಭಾಗ ಕತ್ತರಿಸಿ.

ಒಗೆಯುವಾಗ ತಣ್ಣೀರು, ಸೌಮ್ಯವಾದ ಸೋಪು ಸಾಕು. ಬಿಸಿನೀರಲ್ಲಿ ತಿಕ್ಕಿದರೆ ಉಣ್ಣೆ ಮುದುಡಿ ಗಟ್ಟಿಯಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಹಿಂಡಬೇಡಿ, ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರವಿ. ಕೈಹೆಣಿಗೆಯ ಸಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಎಡ ಬಲ ಎಂಬ ಭೇದ ಇರುವುದಿಲ್ಲ, ಹಾಗಾಗಿ ಪ್ರತಿ ಸಲ ಕಾಲು ಬದಲಿಸಿ ಹಾಕಿಕೊಳ್ಳಿ, ಹೆಬ್ಬೆರಳ ಉಜ್ಜು ಒಂದೇ ಕಡೆ ಬೀಳುವುದಿಲ್ಲ.