ಚೀನೀ ಕ್ಲಾಸಿಗೆ ಹೊರಟ ಚಂದನಾ ಗೌಡಳಿಗೆ ಹೆಸರಿಡುವುದು ಹೇಗೆ?

ಸಿಂಗಪುರದ ಶಾಲೆಗಳಲ್ಲಿ ಮಾತೃಭಾಷೆ ಒಂದು ಕಲಿಕೆಯ ವಿಷಯ. ಭಾರತೀಯ ಮಕ್ಕಳಿಗೆ ತಮಿಳಿದೆ, ಬೇಡವೆಂದರೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ‘ಹೇಗೂ ನಮ್ಮದಲ್ಲದ ಭಾಷೆ ಕಲೀಬೇಕು, ಚೀನೀನೇ ಕಲೀಲಿ ಬಿಡಿ’ ಎಂದು ಅನುಮತಿ ಕೇಳಿಕೊಂಡು ಹೋಗುವ ಅಪ್ಪ ಅಮ್ಮಂದಿರೂ ಇರುತ್ತಾರೆ. ಬೆಂಗಳೂರಿನಲ್ಲೇ ಕೂತು ಆನ್‌ಲೈನ್ ಕ್ಲಾಸಿಗೆ ಸೇರಿಸುವವರೂ ಉಂಟು. ಎಲ್ಲಿ ಸೇರಿದರೂ ಮೊದಲ ವಾರ ಟೀಚರು ಕೇಳುವ ಪ್ರಶ್ನೆ ಒಂದೇ: ಮಗುವಿನ ಚೀನೀ ಹೆಸರೇನು?

ನಾನು ಈ ಭಾಷೆ ಕಲಿಯಲು ಕೂತಾಗ ಅನುವಾದದ ಆ್ಯಪಿಗೆ ನನ್ನ ಹೆಸರು ಹಾಕಿ, ಬಂದದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಸಾಲಾಗಿ ಐದು ಅಕ್ಷರ. ಟೀಚರು ನೋಡಿ ನಕ್ಕರು. ‘ಇದು ಹೆಸರಲ್ಲ, ಪೇಪರಿನಲ್ಲಿ ಯಾವುದೋ ದೇಶದ ಮಂತ್ರಿಯ ಹೆಸರು ಅಚ್ಚು ಹಾಕೋ ರೀತಿ’ ಅಂದರು. ಆ್ಯಪು ಉಚ್ಚಾರವನ್ನಷ್ಟೇ ಹಿಡಿದು, ಅದಕ್ಕೆ ಹತ್ತಿರದ ಅಕ್ಷರಗಳನ್ನು ಜೋಡಿಸಿತ್ತು. ಒಟ್ಟಿಗೆ ಓದಿದರೆ ಅರ್ಥವೇ ಇರಲಿಲ್ಲ. ಚೀನೀ ಹೆಸರು ಸಾಮಾನ್ಯವಾಗಿ ಎರಡೋ ಮೂರೋ ಅಕ್ಷರದ್ದು. ಮೊದಲು ಮನೆತನದ ಹೆಸರು, ಆಮೇಲೆ ಸ್ವಂತ ಹೆಸರು. ಪ್ರತಿ ಅಕ್ಷರಕ್ಕೂ ಅದರದೇ ಅರ್ಥ.

ಚಂದನಾ ಗೌಡ ಎಂಬ ಹುಡುಗಿ ಇದ್ದಾಳೆ ಎಂದಿಟ್ಟುಕೊಂಡು ಮುಂದಿನ ಕೆಲಸ ಮಾಡೋಣ.

ಮನೆತನದಿಂದ ಶುರು

ಇಲ್ಲೇ ನಮಗೆ ಮೊದಲ ತೊಡಕು. ನಮ್ಮಲ್ಲಿ ಅರ್ಧ ಜನಕ್ಕೆ ಇರುವುದು ಇನಿಷಿಯಲ್ಲು, ಮನೆತನದ ಹೆಸರಲ್ಲ. ಚೀನೀಯರಿಗೆ ಅದಿಲ್ಲದೆ ಹೆಸರು ಪೂರ್ತಿಯಾಗುವುದೇ ಇಲ್ಲ. ಹೊಸದಾಗಿ ಹುಟ್ಟಿಸಲು ಹೋಗಬೇಡಿ. ಸೋಂಗ್ ರಾಜವಂಶದ ಕಾಲದಿಂದ ಅಲ್ಲಿನ ಮಕ್ಕಳು ಬಾಯಿಪಾಠ ಮಾಡುತ್ತ ಬಂದ ‘ನೂರು ಮನೆತನಗಳು’ ಎಂಬ ಪಟ್ಟಿಯಲ್ಲೇ 500ಕ್ಕೂ ಹೆಚ್ಚು ಇವೆ. ಇರುವುದರಲ್ಲೇ ನಿಮ್ಮದಕ್ಕೆ ಹತ್ತಿರದ ಸದ್ದನ್ನು ಹುಡುಕಿ.

ಗೌಡರಿಗೆ ಅದೃಷ್ಟವಿದೆ. ಗಾವ್ ಎಂಬ ಮನೆತನ ಉಂಟು, ಅರ್ಥ ‘ಎತ್ತರ’. ರಾವ್‌ಗಳಿಗೆ ಇನ್ನೂ ಸಲೀಸು, ರಾವ್ ಎಂದೇ ಒಂದು ಚೀನೀ ಮನೆತನವಿದೆ. ಮಠ ಇದ್ದವರು ಮಾ ಆಗಬಹುದು, ಅಂದರೆ ಕುದುರೆ. ಹೆಗಡೆಯವರಿಗೆ ಹ ಎಂಬುದು ಸಿಗುತ್ತದೆ, ಆದರೆ ಆ ಅಕ್ಷರಕ್ಕೆ ‘ಏನು, ಯಾವ’ ಎಂಬ ಅರ್ಥವೂ ಇದೆ. ಸಂತೋಷ ಎಂಬ ಅರ್ಥದ ಲ ಅನ್ನು ಅದರ ನಂತರ ಇಟ್ಟರೆ ‘ಯಾವ ಸಂತೋಷಕ್ಕೆ?’ ಎಂದು ಕೇಳಿದಂತಾದೀತು. ಅಡ್ಡಹೆಸರೇ ಇಲ್ಲದವರು ಅಪ್ಪನ ಅಥವಾ ಅಮ್ಮನ ಹೆಸರಿನ ಮೊದಲ ಸದ್ದನ್ನು ಹಿಡಿಯಿರಿ. ಲಿಂಗರಾಜು, ಲೀಲಾ ಎಂದಿದ್ದರೆ ಲಿ, ಲಿನ್ ಎರಡೂ ಸಿಗುತ್ತವೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಇಬ್ಬರಿಗೂ ಒಂದೇ ಇರಲಿ.

ಅರ್ಥ ಹುಡುಕುವುದು

ಇದೇ ರುಚಿಯಾದ ಭಾಗ. ಬೌದ್ಧ ಗ್ರಂಥಗಳ ಜೊತೆ ನಮ್ಮ ಎಷ್ಟೋ ಮಾತುಗಳು ಶತಮಾನಗಳ ಹಿಂದೆಯೇ ಚೀನಾಕ್ಕೆ ನಡೆದುಹೋಗಿವೆ. ಧ್ಯಾನ ಅಲ್ಲಿ ಛಾನ್ ಆಯಿತು. ಅದೇ ಮುಂದೆ ಜಪಾನಿನಲ್ಲಿ ಝೆನ್. ಮಲ್ಲಿಕಾ ಮೋಲಿ ಆಗಿ ಇವತ್ತಿಗೂ ಚೀನೀಯರ ಚಹಾದ ಬಟ್ಟಲಲ್ಲಿ ಮಲ್ಲಿಗೆಯ ಘಮ ಕೊಡುತ್ತಿದೆ. ನಮ್ಮ ಚಂದನ ಹಳೆಯ ಗ್ರಂಥಗಳಲ್ಲಿ ಜಾನ್‌ಥಾನ್. ಅದರ ಥಾನ್ ಎಂಬ ತುಂಡೇ ಈಗಲೂ ಶ್ರೀಗಂಧದ ಮಾತಿನಲ್ಲಿ ಉಳಿದಿದೆ. ಮಗುವಿನ ಹೆಸರು ಹೀಗೆ ಮೊದಲೇ ಅಲ್ಲಿಗೆ ಹೋಗಿ ಕೂತಿದೆಯೇ ನೋಡಿ. ಇಲ್ಲವಾದರೆ ಅರ್ಥವನ್ನು ಹಿಡಿಯಿರಿ: ಪದ್ಮಾಳಿಗೆ ಲ್ಯೆನ್, ಅಂದರೆ ತಾವರೆ. ಪ್ರಕಾಶನಿಗೆ ಮಿಂಗ್, ಸೂರ್ಯ ಚಂದ್ರರನ್ನು ಅಕ್ಕಪಕ್ಕ ನಿಲ್ಲಿಸಿ ಬರೆಯುವ ಅಕ್ಷರ, ಅರ್ಥ ‘ಬೆಳಕು’.

ದೊಡ್ಡವರಿಗೂ ಹೀಗೇ ಇಟ್ಟಿದ್ದಾರೆ. 1924ರಲ್ಲಿ ರವೀಂದ್ರನಾಥ ಠಾಕೂರರು ಬೀಜಿಂಗ್‌ಗೆ ಹೋದಾಗ ವಿದ್ವಾಂಸ ಲಿಯಾಂಗ್ ಛಿಛಾವ್ ಠಾಕೂರರಿಗೆ ಜೂ ಜೆನ್‌ದಾನ್ ಎಂದು ಹೆಸರಿಟ್ಟರು. ಭಾರತಕ್ಕೆ ಚೀನೀಯರ ಹಳೆಯ ಹೆಸರು ತಿಯೆನ್‌ಜೂ, ಮನೆತನ ಅದರಿಂದ ಬಂತು. ಜೆನ್ ಅಂದರೆ ಗುಡುಗು, ಇಂದ್ರನ ಪಾಲು. ದಾನ್ ಅಂದರೆ ಬೆಳಗು, ರವಿಯ ಪಾಲು. ಎರಡೂ ಸೇರಿದರೆ ನಮ್ಮ ‘ಚೀನಸ್ಥಾನ’ದಿಂದ ಹುಟ್ಟಿದ ಚೀನಾದ ಹಳೆಯ ಹೆಸರು. ಒಂದು ಹೆಸರಲ್ಲಿ ಎರಡು ದೇಶ! ಇಂಥದ್ದು ನಮ್ಮಿಂದ ಆಗದು ಬಿಡಿ, ಆದರೆ ದಾರಿ ಗೊತ್ತಾಗುತ್ತದೆ.

ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ ಅವರದು ಇನ್ನೂ ಸರಳ. 1938ರಲ್ಲಿ ಚೀನಾಕ್ಕೆ ಹೊರಟ ಐವರು ಭಾರತೀಯ ವೈದ್ಯರೂ ತಮ್ಮ ಚೀನೀ ಹೆಸರಿನ ಕೊನೆಗೆ ಹ್ವಾ ಸೇರಿಸಿಕೊಂಡರು, ಅರ್ಥ ‘ಚೀನಾ’. ಕೋಟ್ನಿಸ್ ಖ ದಿಹ್ವಾ ಆದರು. 1942ರಲ್ಲಿ ಅವರಿಗೂ ಪತ್ನಿ ಗುವೋ ಛಿಂಗ್‌ಲಾನ್‌ಗೂ ಹುಟ್ಟಿದ ಮಗುವಿಗೆ ಯಿನ್‌ಹ್ವಾ ಎಂದು ಹೆಸರಿಟ್ಟರು. ಯಿನ್ ಅಂದರೆ ಭಾರತ. ಅಷ್ಟೇ, ಎರಡೇ ಅಕ್ಷರ.

ಕೂಗಿ ನೋಡಿ

ಹಾಗಾದರೆ ಚಂದನಾ ಗೌಡ ಗಾವ್ ಥಾನ್ ಆಗಬಹುದಲ್ಲ? ಕಾಗದದ ಮೇಲೆ ಚೆಂದ, ‘ಎತ್ತರದ ಗಂಧದ ಮರ’. ಕೂಗಿದರೆ ಮಾತ್ರ ಮೋಸ. ಅದೇ ಸದ್ದು, ಅದೇ ಟೋನಿನ (ದನಿಯ ಏರಿಳಿತದ) ಇನ್ನೊಂದು ಥಾನ್‌ಗೆ ‘ಮಾತಾಡು’ ಎಂದರ್ಥ. ಗಾವ್ ಥಾನ್ ಎಂದರೆ ದೊಡ್ಡದೊಡ್ಡ ಮಾತಾಡುವುದು, ಬಡಾಯಿ! ಹೋಗಲಿ, ಮರಗಳ ತೋಪು ಎಂಬ ಅರ್ಥದ ಲಿನ್ ಹಾಕೋಣವೆಂದರೆ ಗಾವ್‌ಲಿಂಗ್ ಪಕ್ಕದಲ್ಲೇ ಕಾದು ಕೂತಿದೆ. ಅದರ ಅರ್ಥ ‘ಇಳಿವಯಸ್ಸು’. ದಕ್ಷಿಣ ಚೀನಾದ ಅನೇಕರ ಬಾಯಲ್ಲಿ ಲಿನ್, ಲಿಂಗ್ ಎರಡೂ ಒಂದೇ.

ರಾವ್ ಮನೆಯವರು ಟೋನಿನ ವಿಷಯದಲ್ಲಿ ಇನ್ನೂ ಎಚ್ಚರವಾಗಿರಬೇಕು. ಮ್ಯಾಂಡರಿನ್‌ನಲ್ಲಿ (ಶಾಲೆಗಳಲ್ಲಿ ಕಲಿಸುವ ಚೀನೀ ಇದೇ) ಟೋನು ನಾಲ್ಕು: ಸಮ, ಏರು, ಇಳಿದು ಏರುವುದು, ಬೀಳು. ‘ಬೆಳಕು’ ಎಂಬ ಮಿಂಗ್ ಏರುವ ಟೋನಿನದು. ಮಗ ಅವಸರದಲ್ಲಿ ಅದನ್ನು ಬೀಳಿಸಿ ಹೇಳಿದನೋ, ರಾವ್ ಮಿಂಗ್ ‘ಜೀವ ಉಳಿಸಿ, ಬಿಟ್ಟುಬಿಡಿ’ ಎಂಬ ಮೊರೆಯಾಗುತ್ತದೆ. ಹಾಜರಿ ಹೊತ್ತಿಗೆ ಕ್ಲಾಸೆಲ್ಲ ನಗುತ್ತದೆ.

ಉಚ್ಚಾರದಲ್ಲಿ ನಮಗೊಂದು ಅನುಕೂಲವಿದೆ, ಇಂಗ್ಲಿಷಿನ ಮೂಲಕ ಕಲಿಯುವವರಿಗೆ ಇಲ್ಲದ್ದು. 1958ರಿಂದ ಬಳಕೆಯಲ್ಲಿರುವ ಪಿನ್‌ಯಿನ್ ಎಂಬ ರೋಮನ್ ಬರಹದಲ್ಲಿ ‘ಜಿ’ ಅಕ್ಷರ ಕಂಡರೆ ನಮ್ಮ ಕ, ‘ಕೆ’ ಕಂಡರೆ ಖ. ‘ಬಿ’ಗೆ ಪ, ‘ಪಿ’ಗೆ ಫ, ಆದರೆ ಫ್ಯಾನಿನ ಫ ಅಲ್ಲ, ಫಲದ ಫ. ಹಾಗಾಗಿ ನಾನು ಗಾವ್ ಎಂದು ಬರೆದದ್ದು ಬಾಯಲ್ಲಿ ಬಹುಮಟ್ಟಿಗೆ ಕಾವ್. ‘ಎಕ್ಸ್’ ಅಕ್ಷರ ಶ ಕಡೆಗೆ, ‘ಎಸ್‌ಎಚ್’ ಷ ಕಡೆಗೆ. ಮೇಷ್ಟ್ರು ಕಿವಿ ಹಿಂಡಿ ಕಲಿಸಿದ ಶ-ಷ ಭೇದ ಕೊನೆಗೂ ಉಪಯೋಗಕ್ಕೆ ಬಂತು.

ಗೆರೆ ಎಣಿಸಿ

ಚಂದನಾಳಿಗೆ ನಾನು ಕೊಡುವ ಪರಿಹಾರ ಗಾವ್ ಯಾಥಾನ್. ಯಾ ಅಂದರೆ ನಯ, ಸೊಬಗು. ಗಾವ್ ಜೊತೆ ಸೇರಿ ಗಾವ್‌ಯಾ ಆದಾಗ ‘ಸುಸಂಸ್ಕೃತ’ ಎಂಬ ಒಳ್ಳೆಯ ಮಾತೇ ಆಗುತ್ತದೆ. ಬಡಾಯಿಯೂ ಇಲ್ಲ, ಇಳಿವಯಸ್ಸೂ ಇಲ್ಲ.

ಆದರೆ ಬರೆಯಬೇಕಾದವಳು ಅವಳು. ಗಾವ್‌ಗೆ 10 ಗೆರೆ, ಯಾಗೆ 12, ಥಾನ್‌ಗೆ 17. ಒಟ್ಟು 39. ಆರು ವರ್ಷದ ಮಗು ಪ್ರತಿ ಹಾಳೆಯ ಮೇಲೂ 39 ಗೆರೆ ಎಳೆಯಬೇಕು, ಅದೂ ಕ್ರಮ ತಪ್ಪದೆ. ಥಾನ್ ಬದಲು ಲಿನ್ ಇಟ್ಟರೆ ಅದಕ್ಕೆ 8, ಒಟ್ಟು 30ಕ್ಕೆ ಇಳಿಯುತ್ತದೆ. ಗಾವ್‌ಗೂ ಲಿನ್‌ಗೂ ನಡುವೆ ಯಾ ಇರುವುದರಿಂದ ಇಳಿವಯಸ್ಸಿನ ಭಯವಿಲ್ಲ, ಗಂಧ ಹೋದರೂ ಮರ ಉಳಿಯಿತು. ಮಗು ಚಿಕ್ಕದಿದ್ದರೆ ನಾನು ಗಾವ್ ಯಾಲಿನ್ ಅನ್ನೇ ಆರಿಸುತ್ತೇನೆ. ಅಷ್ಟೂ ಬೇಡವೆನ್ನುವವರಿಗೆ ವೆನ್ (ಬರಹ, ವಿದ್ಯೆ), ತಿಯೆನ್ (ಆಕಾಶ) ಇವೆ, ಒಂದೊಂದಕ್ಕೂ ನಾಲ್ಕೇ ಗೆರೆ. ಚೀನಾ, ಸಿಂಗಪುರಗಳ ಶಾಲೆಯಲ್ಲಿ ಕಲಿಸುವುದು ಸರಳಗೊಳಿಸಿದ ಲಿಪಿ. ತೈವಾನ್, ಹಾಂಗ್‌ಕಾಂಗ್‌ನಲ್ಲಿ ಹಳೆಯದೇ ಇದೆ. ಎಣಿಸುವ ಮುಂಚೆ ಯಾವುದೆಂದು ಕೇಳಿಕೊಳ್ಳಿ.

ಟೀಚರಿಗೆ ತೋರಿಸಿ

ಕೊನೆಯ ಮಾತು ಆ ಭಾಷೆಯಲ್ಲೇ ಹುಟ್ಟಿ ಬೆಳೆದವರದ್ದಾಗಲಿ. ಹೆಸರಿಗೆ ವಯಸ್ಸಾಗಿದೆಯೇ ಎಂಬುದು ಅವರಿಗೇ ಗೊತ್ತು. ‘ದೇಶ ಕಟ್ಟು’ ಎಂಬ ಅರ್ಥದ ಜಿಯೆನ್‌ಗುವೋ 1949ರ ನಂತರ ಹುಟ್ಟಿದವರ ಹೆಸರು. ಇವತ್ತಿನ ಮಗುವಿಗೆ ಇಟ್ಟರೆ ಅಪಾರ್ಟ್‌ಮೆಂಟಿನ ಪಾರ್ಕಿನಲ್ಲಿ ‘ಪುಟ್ಟಸ್ವಾಮಯ್ಯ, ಇಳಿಯೋ ಜಾರುಬಂಡೆಯಿಂದ’ ಎಂದು ಕೂಗಿದ ಹಾಗೆ.

ಒಂದು ವಿಷಯದಲ್ಲಿ ಅವರ ರೀತಿ ನಮ್ಮದಕ್ಕೆ ಪೂರಾ ಉಲ್ಟಾ. ನಾವು ಮೊಮ್ಮಗನಿಗೆ ತಾತನ ಹೆಸರಿಟ್ಟು ಖುಷಿಪಡುತ್ತೇವೆ. ಅಲ್ಲಿ ಹಿರಿಯರ ಹೆಸರಿನ ಅಕ್ಷರವನ್ನು ಮಗುವಿಗೆ ಇಡುವುದು ಅವಮರ್ಯಾದೆ. ಥಾಂಗ್ ಚಕ್ರವರ್ತಿ ಲಿ ಷಿಮಿನ್ ಹೆಸರಲ್ಲಿ ‘ಮಿನ್’ ಇದ್ದದ್ದಕ್ಕೆ ಮಿನ್‌ಬು ಎಂಬ ಸರ್ಕಾರಿ ಇಲಾಖೆಯ ಹೆಸರನ್ನೇ ಹುಬು ಎಂದು ಬದಲಾಯಿಸಿದ್ದರು. ಟೀಚರ ಹೆಸರಿನ ಅಕ್ಷರವನ್ನೂ ಬಿಟ್ಟುಬಿಡಿ. ಅಣ್ಣ ತಂಗಿಯರ ನಡುವೆ ಒಂದೇ ಅಕ್ಷರ ಹಂಚಿಕೊಂಡರೆ ಮಾತ್ರ ತಪ್ಪಿಲ್ಲ, ಒಂದೇ ತಲೆಮಾರಿನವರಿಗೆ ಒಂದು ಅಕ್ಷರ ಸಮಾನವಾಗಿಡುವುದು ಅಲ್ಲಿನ ಹಳೆಯ ಪದ್ಧತಿ.

ಮನೆಯಲ್ಲಿ ಕರೆಯಲು ಬೇರೆ ಹೆಸರು ಬೇಕೆನಿಸಿದರೆ ಅದಕ್ಕೆ ಅವರು ‘ಹಾಲಿನ ಹೆಸರು’ ಎನ್ನುತ್ತಾರೆ. ಒಂದೇ ಅಕ್ಷರವನ್ನು ಎರಡು ಸಲ ಹೇಳಿದರಾಯಿತು: ದೌದೌ (ಕಾಳು), ಲಲ (ಖುಷಿ). ನಮ್ಮ ಪುಟ್ಟಿ, ಚಿನ್ನು ಇದ್ದ ಹಾಗೆ. ಹಿಂದೆ ಹಳ್ಳಿಗಳಲ್ಲಿ ದೃಷ್ಟಿ ತಾಗದಿರಲೆಂದು ಗೌಷೆಂಗ್ ಎಂದೂ ಕರೆಯುತ್ತಿದ್ದರು, ‘ನಾಯಿ ತಿಂದು ಬಿಟ್ಟದ್ದು’. ನಮ್ಮ ತಿಪ್ಪ, ಕಲ್ಲ ನೆನಪಾದರೇ?

ಹೆಸರು ಗಟ್ಟಿಯಾದ ಮೇಲೆ ಒಂದು ವಾರ ಮನೆಯಲ್ಲೇ ಹಾಜರಿ ಕರೆಯಿರಿ. ಅಡುಗೆಮನೆಯಿಂದ ‘ಗಾವ್ ಯಾಲಿನ್!’ ಎಂದು ಕೂಗಿದರೆ ಹಾಲ್‌ನಿಂದ ‘ದಾವ್!’ ಎಂಬ ಉತ್ತರ ಬರಬೇಕು. ‘ಬಂದಿದ್ದೇನೆ’ ಎಂದು ಅದರರ್ಥ, ಬೀಳುವ ಟೋನು, ಚುಟುಕಾಗಿ. ಮೊದಲೆರಡು ದಿನ ಯಾರನ್ನೋ ಕರೆಯುತ್ತಿದ್ದಾರೆಂದು ಮಗು ಟೀವಿ ನೋಡುತ್ತಾ ಕೂತೇ ಇರುತ್ತದೆ. ಮತ್ತೆ ಕೂಗಿ.