ಮಾರ್ಮನ್ ಮನೆಯಲ್ಲಿ ಒಂದು ಚಿತ್ರಶಾಲೆ

ಭಾನುವಾರ ನಾನು ಸಂಬಳದ ಚಿತ್ರ ಬರೆಯುವುದಿಲ್ಲ, ನಮ್ಮ ಧರ್ಮದಲ್ಲಿ ಅದು ವಿಶ್ರಾಂತಿಯ ದಿನ. ಹೊಸ ಪ್ರಕಾಶಕರೊಂದಿಗೆ ಮಾತು ಕುದುರುವಾಗ ಸಂಭಾವನೆಗಿಂತ ಮೊದಲು ಇದನ್ನೇ ಹೇಳಿಬಿಡುತ್ತೇನೆ. ಶುಕ್ರವಾರ ಸಂಜೆ ತಿದ್ದುಪಡಿಗಳ ಪಟ್ಟಿ ಕಳಿಸಿ ಸೋಮವಾರ ಬೆಳಿಗ್ಗೆ ಉತ್ತರ ಕಾಯುವುದು ಈ ಉದ್ಯೋಗದ ಹಳೆಯ ಚಾಳಿ. ನ್ಯೂಯಾರ್ಕಿನ ಗಡಿಯಾರ ಅಮೆರಿಕದ ಪಶ್ಚಿಮದಲ್ಲಿರುವ ನಮ್ಮ ಯೂಟಾ ರಾಜ್ಯಕ್ಕಿಂತ ಎರಡು ಗಂಟೆ ಮುಂದಿರುವುದರಿಂದ ಅವರು ಕಚೇರಿಗೆ ಬರುವ ಹೊತ್ತಿಗೆ ನಾನು ಮಕ್ಕಳ ಊಟದ ಡಬ್ಬಿ ತುಂಬುತ್ತಿರುತ್ತೇನೆ. ಹಾಗಾಗಿ ಶನಿವಾರ ರಾತ್ರಿಯೊಳಗೆ ಆಗುವಷ್ಟನ್ನು ಕೊಡುತ್ತೇನೆ, ಉಳಿದದ್ದು ಸೋಮವಾರ ಮಧ್ಯಾಹ್ನ. ಇದರಿಂದ ಒಂದೆರಡು ಒಳ್ಳೆಯ ಕೆಲಸಗಳು ಕೈತಪ್ಪಿದ್ದೂ ಉಂಟು. ಬೇಜಾರಾಗಿಲ್ಲ ಎಂದರೆ ಸುಳ್ಳಾದೀತು.

ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಹುಟ್ಟಿದ್ದು ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಯಲ್ಲಿ. ಓದಿದ್ದು ಮೊದಲು ಬೆಂಗಳೂರು, ಆಮೇಲೆ ಯೂಟಾದ ಪ್ರೋವೋ ನಗರದಲ್ಲಿರುವ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ. ಈಗ ಅದೇ ಕಣಿವೆಯ ಓರೆಮ್ ಊರಿನಲ್ಲಿ ಗಂಡ, ಮೂವರು ಮಕ್ಕಳೊಂದಿಗೆ ಸಂಸಾರ. ಬೆಂಗಳೂರಿನ ಕಾಲೇಜು ದಿನಗಳಲ್ಲಿ ನಾನು ಮಾರ್ಮನ್ ಎಂಬ ಕ್ರೈಸ್ತ ಪಂಗಡಕ್ಕೆ ಸೇರಿದೆ. ಯಾಕೆ ಎಂಬುದು ಬೇರೆಯೇ ಬರಹಕ್ಕಾಗುವಷ್ಟಿದೆ, ಅದು ಇಲ್ಲಿ ಬೇಡ. ನಮ್ಮ ಚರ್ಚ್‌ನ ಪೂರ್ತಿ ಹೆಸರು ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’. 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ್ದು. ಮಾರ್ಮನ್ ಎಂಬ ಅಡ್ಡಹೆಸರು ಬಿಟ್ಟು ಪೂರ್ತಿ ಹೆಸರನ್ನೇ ಹೇಳಿ ಎಂದು ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ 2018ರಲ್ಲಿ ಕೇಳಿಕೊಂಡಿದ್ದರು. ಬರಹದ ಉದ್ದ ನೋಡಿ ನಾನು ಆ ಮಾತನ್ನು ಇಲ್ಲಿ ಮೀರುತ್ತಿದ್ದೇನೆ. ಇನ್ನು, ಊರಿಗೆ ಹೋದಾಗಲೆಲ್ಲ ‘ನಿಮ್ಮಲ್ಲಿ ಒಬ್ಬನಿಗೆ ಹಲವು ಹೆಂಡಿರಂತೆ?’ ಎಂದು ಯಾರಾದರೂ ಒಬ್ಬರು ದನಿ ತಗ್ಗಿಸಿ ಕೇಳುವ ಪ್ರಶ್ನೆಗೆ ಉತ್ತರ: ಬಹುಪತ್ನಿತ್ವವನ್ನು ಕೈಬಿಡುವ ಘೋಷಣೆ 1890ರಲ್ಲೇ ಹೊರಬಿತ್ತು. ಇಂದು ಎರಡನೆಯ ಹೆಂಡತಿಯನ್ನು ಕಟ್ಟಿಕೊಂಡವನು ಚರ್ಚ್‌ನಿಂದ ಹೊರಗೆ ಬೀಳುತ್ತಾನೆ. ನನ್ನ ಗಂಡ ಶಾಲಾ ಶಿಕ್ಷಕ, ಒಬ್ಬಳನ್ನು ಸುಧಾರಿಸುವುದೇ ಅವನಿಗೆ ಸಾಕಾಗಿದೆ.

ನನ್ನ ಪುಸ್ತಕಗಳಲ್ಲಿ ದೇವದೂತರನ್ನು ಹುಡುಕುವವರಿಗೆ ಕೋಳಿ, ಕೊಡೆ, ಮಳೆಯಲ್ಲಿ ನಿಂತ ಆಟೋರಿಕ್ಷಾ ಸಿಗುತ್ತವೆ. ಧರ್ಮ ನನ್ನ ಚಿತ್ರದ ಒಳಕ್ಕೆ ಬಂದದ್ದು ಕಡಿಮೆ, ಚಿತ್ರ ಬರೆಯುವ ಹೊತ್ತನ್ನು ಹಿಡಿದು ಆಳಿದ್ದು ಹೆಚ್ಚು.

ಭಾನುವಾರದ ಸಭೆ 2019ರ ಜನವರಿಯ ತನಕ ಮೂರು ಗಂಟೆ ಇತ್ತು, ಈಗ ಎರಡು. ಮೊದಲ ಭಾಗ ಇಡೀ ಕುಟುಂಬಕ್ಕೆ. ಹನ್ನೆರಡರ ಆಸುಪಾಸಿನ ಹುಡುಗರು ಬಿಳಿ ಅಂಗಿ ತೊಟ್ಟು ರೊಟ್ಟಿಯ ತುಣುಕುಗಳ ತಟ್ಟೆಯನ್ನೂ ಪುಟ್ಟ ಲೋಟಗಳಲ್ಲಿ ನೀರನ್ನೂ ಸಾಲುಸಾಲಿಗೆ ದಾಟಿಸುತ್ತಾರೆ. ಯೇಸುವಿನ ನೆನಪಿನ ಈ ವಿಧಿಗೆ ಬೇರೆ ಚರ್ಚ್‌ಗಳಲ್ಲಿರುವಂತೆ ನಮ್ಮಲ್ಲಿ ದ್ರಾಕ್ಷಾರಸವಿಲ್ಲ. ಆಮೇಲೆ ನೆರೆಹೊರೆಯವರೇ ಸರದಿಯಂತೆ ಉಪದೇಶ ಮಾಡುತ್ತಾರೆ, ಏಕೆಂದರೆ ಸಂಬಳದ ಪಾದ್ರಿ ಇಲ್ಲ. ವಾರ್ಡ್ ಎಂದು ಕರೆಯುವ ನಮ್ಮ ಸಭೆಯ ಬಿಷಪ್, ಅಂದರೆ ಮುಖ್ಯಸ್ಥರು, ವಾರದ ದಿನಗಳಲ್ಲಿ ಜನರ ಹಲ್ಲು ಕೀಳುವ ವೈದ್ಯರು. ಅವರ ಉಪದೇಶ ನಡೆಯುವಾಗ ಬೆಂಚುಗಳ ಮೇಲೆ ಇನ್ನೊಂದು ಕಾರ್ಯಕ್ರಮ ನಡೆದಿರುತ್ತದೆ. ಹಸುಗೂಸಿನಿಂದ ಹಿಡಿದು ಎಲ್ಲ ಮಕ್ಕಳೂ ಅಲ್ಲೇ ಇರುವುದರಿಂದ ಪ್ರತಿ ತಾಯಿಯ ಚೀಲದಲ್ಲೂ ಕ್ರೇಯಾನ್ ಇದ್ದೇ ಇರುತ್ತದೆ. ನನ್ನ ನಡುವಿನ ಮಗಳು ಒಮ್ಮೆ ಮಾತಾಡುತ್ತಿದ್ದವರ ಚಿತ್ರ ಬರೆದಳು: ತಲೆ ಹುಣಸೆ ಬೀಜದಷ್ಟು, ಕೈಗಳು ಮಾತ್ರ ಪುಟದ ಅರ್ಧ. ಆ ಮನುಷ್ಯ ಮೇಜನ್ನು ಅಷ್ಟು ಗುದ್ದುತ್ತಿದ್ದರು. ಮಗು ಕಂಡದ್ದನ್ನು ಕಂಡ ಅಳತೆಯಲ್ಲಿ ಬರೆದಿತ್ತು. ಸಿಟ್ಟಿಗೆದ್ದ ಅಜ್ಜನೊಬ್ಬನ ಕಥೆಗೆ ಚಿತ್ರ ಬರೆಯಲು ಕೂತಾಗ ಆ ಕೈಗಳನ್ನು ಕದ್ದುಕೊಂಡೆ. ಮಕ್ಕಳ ಚಿತ್ರದ ಬಗ್ಗೆ ಕಾಲೇಜು ಕಲಿಸದ್ದನ್ನು ನನಗೆ ಆ ಬೆಂಚು ಕಲಿಸಿದೆ.

ವಾರ್ಡಿನಲ್ಲಿ ಎಲ್ಲರಿಗೂ ಒಂದು ಹೊಣೆ ಬರುತ್ತದೆ. ಅದನ್ನು ನಾವು ಕೇಳಿ ಪಡೆಯುವುದಿಲ್ಲ. ಬಿಷಪ್ ಕರೆದು ಹೇಳುತ್ತಾರೆ, ಮುಂದಿನ ಭಾನುವಾರ ಸಭೆ ಬಲಗೈ ಎತ್ತಿ ಸಮ್ಮತಿಸುತ್ತದೆ. ಸದ್ಯ ನನ್ನದು ನರ್ಸರಿ, ಅಂದರೆ ಹದಿನೆಂಟು ತಿಂಗಳಿನಿಂದ ಮೂರು ವರ್ಷದವರೆಗಿನ ಮಕ್ಕಳು. ಕಲಾವಿದರಿಗೆ ಇಲ್ಲಿ ಇನ್ನೊಂದು ಅಪಾಯವಿದೆ. ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟದ ಪೋಸ್ಟರ್, ನಾಟಕದ ಪರದೆ, ಯುವಕರ ಶಿಬಿರದ ಅಂಗಿಯ ವಿನ್ಯಾಸ, ಎಲ್ಲವೂ ‘ನಿಮಗೆ ಹತ್ತು ನಿಮಿಷದ ಕೆಲಸ’ ಎಂಬ ಮಾತಿನೊಂದಿಗೆ ಮನೆ ಬಾಗಿಲಿಗೆ ಬರುತ್ತವೆ. ನಾನು ಒಂದು ನಿಯಮ ಮಾಡಿಕೊಂಡಿದ್ದೇನೆ: ಕುರ್ಚಿ ಮಡಿಸಿಡಲು, ಬಾಣಂತಿಯ ಮನೆಗೆ ಸಾರು ಮಾಡಿ ಕಳಿಸಲು ಯಾವಾಗ ಕರೆದರೂ ಬರುತ್ತೇನೆ, ಪೋಸ್ಟರ್ ಮಾಡುವುದಿಲ್ಲ. ಹಲ್ಲಿನ ವೈದ್ಯರು ವಾರ್ಡಿನವರ ಹಲ್ಲನ್ನು ಸಭಾಂಗಣದಲ್ಲಿ ಕೀಳುವುದಿಲ್ಲವಲ್ಲ ಎಂದು ನಗುನಗುತ್ತಲೇ ಹೇಳಿದ ಮೇಲೆ ಜನಕ್ಕೂ ಅರ್ಥವಾಯಿತು. ಈ ಗೆರೆ ಎಳೆಯದ ಕಲಾವಿದರು ಇಲ್ಲಿ ಬಹಳ ಬೇಗ ದಣಿಯುತ್ತಾರೆ.

ಸೋಮವಾರ ಸಂಜೆ ಮನೆಯವರಿಗೆ ಮೀಸಲು. ‘ಫ್ಯಾಮಿಲಿ ಹೋಮ್ ಈವನಿಂಗ್’ ಎಂಬ ಈ ಪದ್ಧತಿಗೆ ಚರ್ಚ್ ಕರೆ ಕೊಟ್ಟಿದ್ದು 1915ರಲ್ಲಿ, ಸೋಮವಾರವೆಂದು ನಿಗದಿಯಾಗಿದ್ದು 1970ರಲ್ಲಿ. ಆ ಸಂಜೆ ಚರ್ಚ್ ತಾನೂ ಯಾವ ಸಭೆಯನ್ನೂ ಇಟ್ಟುಕೊಳ್ಳುವುದಿಲ್ಲ. ನಮ್ಮ ಗೋಡೆಯ ಮೇಲೆ ನಾನೇ ಬಣ್ಣ ಹಾಕಿದ ರಟ್ಟಿನ ಚಕ್ರವೊಂದಿದೆ. ಅದನ್ನು ಒಂದು ಮನೆ ತಿರುಗಿಸಿದರೆ ಪ್ರಾರ್ಥನೆ ಯಾರದು, ಹಾಡು ಯಾರದು, ಪಾಠ ಯಾರದು, ಆಟ ಯಾರದು, ಸಿಹಿ ಯಾರದು ಎಂಬುದು ತೀರ್ಮಾನವಾಗುತ್ತದೆ. ಪಾಠ ಕಿರಿಯವಳ ಪಾಲಿಗೆ ಬಂದ ವಾರ ನೋಹನ ಹಡಗಿನಲ್ಲಿ ನಾಯಿಗಳು ಜಗಳವಾಡಿದ ಕಥೆಯನ್ನು ಹೇಳಿದಳು, ಬೈಬಲ್‌ನಲ್ಲಿ ಎಲ್ಲಿದೆ ಎಂದು ಅಣ್ಣ ಕೇಳಿದ್ದಕ್ಕೆ ಅವನಿಗೆ ಕುಶನ್‌ನಿಂದ ಹೊಡೆದಳು. ಸಿಹಿ ನನ್ನ ಪಾಲಾದರೆ ಕೇಸರಿಬಾತ್. ಎಲ್ಲರೂ ಭಕ್ತಿಯಿಂದ ಕೂರುವ ಸಂಜೆಯೆಂದು ಯಾರೂ ಭಾವಿಸಬೇಕಿಲ್ಲ, ಅರ್ಧ ವಾರಗಳು ಅಳುವಿನಲ್ಲೇ ಮುಗಿಯುತ್ತವೆ. ಆದರೂ ಮನೆಯಿಂದಲೇ ಕೆಲಸ ಮಾಡುವ ನನ್ನಂಥವಳಿಗೆ ಇದು ದೊಡ್ಡ ಉಪಕಾರ. ಕಚೇರಿ ಎಲ್ಲಿ ಮುಗಿಯಿತು, ಅಡುಗೆಮನೆ ಎಲ್ಲಿ ಶುರುವಾಯಿತು ಎಂಬುದು ನನಗೆ ಉಳಿದ ದಿನಗಳಲ್ಲಿ ತಿಳಿಯುವುದೇ ಇಲ್ಲ.

ಇನ್ನು ಕಾಫಿ. ಮದ್ಯ, ತಂಬಾಕು, ಚಹಾ, ಕಾಫಿ ನಮಗೆ ವರ್ಜ್ಯ. ಇದರ ಮೂಲ 1833ರಲ್ಲಿ ಜೋಸೆಫ್ ಸ್ಮಿತ್ ಪ್ರಕಟಿಸಿದ ‘ವರ್ಡ್ ಆಫ್ ವಿಸ್ಡಮ್’. ಮಲೆನಾಡಿನ ತೋಟದ ಮನೆಯಲ್ಲಿ ಕಾಫಿ ಬೇಡ ಎಂದವಳನ್ನು ಏನೆಂದು ಕರೆಯಬೇಕೋ ಊಹಿಸಿಕೊಳ್ಳಿ. ಮೊದಲ ವರ್ಷ ಅಮ್ಮ ನನ್ನ ಮುಂದೆ ಲೋಟವನ್ನು ಇಟ್ಟೇ ಇಡುತ್ತಿದ್ದಳು, ಅದು ಆರಿ ಕೆನೆ ಕಟ್ಟುವವರೆಗೆ ಯಾರೂ ಎತ್ತುತ್ತಿರಲಿಲ್ಲ. ಗಂಟು ಬಿಡಿಸಿದ್ದು ಅಪ್ಪ. ‘ಅಡಿಕೆ ಬೆಳೆಯುವವರೆಲ್ಲ ಎಲೆಅಡಿಕೆ ಹಾಕುತ್ತಾರೆಯೇ, ಬಿಡೆ ಅವಳನ್ನು’ ಎಂದರು. ಈಗ ಹೋದರೆ ಜೀರಿಗೆ ಕಷಾಯ ಸಿದ್ಧವಿರುತ್ತದೆ. ಬೆಳೆಯುವುದಕ್ಕೂ ಬರೆಯುವುದಕ್ಕೂ ಅಡ್ಡಿಯಿಲ್ಲದ ಕಾರಣ ಕಾಫಿಗೆ ಹೂ ತರಿಸುವ ಬ್ಲಾಸಮ್ ಮಳೆ ಬಿದ್ದ ಮೇಲೆ ಗಿಡ ಬೆಳ್ಳಗಾಗುವುದನ್ನು ನಾನು ಎಷ್ಟೋ ಪುಟಗಳಲ್ಲಿ ಬರೆದಿದ್ದೇನೆ. ಕೆಲಸದ ಮಟ್ಟಿಗೆ ಹೇಳುವುದಾದರೆ, ರಾತ್ರಿ ಕಾಫಿ ಕುಡಿದು ಗಡುವು ಮುಟ್ಟುವ ದಾರಿ ನನಗೆ ಮುಚ್ಚಿದೆ. ಹತ್ತಕ್ಕೆ ಮಲಗಿ ನಸುಕಿನಲ್ಲಿ ಏಳುತ್ತೇನೆ. ಇಲ್ಲಿಯ ಮಾರ್ಮನ್ನರು ಕೋಲಾಕ್ಕೆ ಕೆನೆ, ಸಿರಪ್ ಬೆರೆಸಿ ಕುಡಿಯುವ ಅಂಗಡಿಗಳ ಮುಂದೆ ಕಾರುಗಳ ಸಾಲು ಕಟ್ಟುತ್ತಾರೆ. ಅದಕ್ಕೆ ನಿಷೇಧವಿಲ್ಲ. ನನ್ನ ನಾಲಿಗೆ ಮಾತ್ರ ಅದನ್ನು ಒಪ್ಪಿಲ್ಲ.

ಹಣದ ಮಾತನ್ನು ಕಲಾವಿದರು ಯಾರೂ ಬರೆಯುವುದಿಲ್ಲ, ನಾನಾದರೂ ಬರೆಯುತ್ತೇನೆ. ಆದಾಯದ ಹತ್ತನೇ ಒಂದು ಭಾಗವನ್ನು ದಶಮಾಂಶವೆಂದು ಚರ್ಚ್‌ಗೆ ಕೊಡುತ್ತೇವೆ. ತಿಂಗಳ ಸಂಬಳದವರಿಗೆ ಲೆಕ್ಕ ಸುಲಭ. ಪುಸ್ತಕದ ಚಿತ್ರಕಾರರಿಗೆ ಮುಂಗಡ ಹಣ ಕಂತುಗಳಲ್ಲಿ ಬರುತ್ತದೆ: ಸಹಿ ಹಾಕಿದಾಗ ಒಂದಿಷ್ಟು, ಕರಡು ಚಿತ್ರ ಒಪ್ಪಿತವಾದಾಗ ಒಂದಿಷ್ಟು, ಕೊನೆಯ ಚಿತ್ರ ಕೊಟ್ಟಾಗ ಉಳಿದದ್ದು. ನಡುವೆ ಬರಗಾಲ. ಏಜೆಂಟರ ಪಾಲು ಕಳೆದೇ, ತೆರಿಗೆ ಕಳೆದೇ, ಕಳೆಯದೆಯೇ ಎಂಬುದನ್ನು ಚರ್ಚ್ ಬಿಡಿಸಿ ಹೇಳುವುದಿಲ್ಲ. ವರ್ಷದ ಕೊನೆಗೆ ಬಿಷಪ್ ಮುಂದೆ ಕೂತು ‘ಪೂರ್ತಿ ಕೊಟ್ಟಿದ್ದೇವೆ’ ಎಂದೋ ಇಲ್ಲವೆಂದೋ ನಾವೇ ಹೇಳಬೇಕು, ಅವರು ರಸೀದಿ ಕೇಳುವುದಿಲ್ಲ. ನಾನು ಏಜೆಂಟರ ಪಾಲನ್ನು ಕಳೆಯುತ್ತೇನೆ, ತೆರಿಗೆಯನ್ನು ಕಳೆಯುವುದಿಲ್ಲ. ಕಂತು ಬ್ಯಾಂಕಿಗೆ ಬಿದ್ದ ದಿನವೇ ಹತ್ತನೇ ಒಂದನ್ನು ಬೇರೆ ಖಾತೆಗೆ ದಾಟಿಸುತ್ತೇನೆ. ತೆರಿಗೆಯ ಹಣವನ್ನೂ ಹಾಗೆಯೇ ಎತ್ತಿಡುವ ಅಭ್ಯಾಸ ಇದರಿಂದಲೇ ಬಂತು. 2023ರಲ್ಲಿ ಚರ್ಚ್ ತನ್ನ ಷೇರು ಹೂಡಿಕೆಗಳ ವಿವರವನ್ನು ಮರೆಮಾಚಿತೆಂದು ಅಮೆರಿಕದ ಷೇರುಪೇಟೆ ನಿಯಂತ್ರಕರು ಅದಕ್ಕೂ ಅದರ ಹೂಡಿಕೆ ಸಂಸ್ಥೆಗೂ ಸೇರಿಸಿ 50 ಲಕ್ಷ ಡಾಲರ್ ದಂಡ ಹಾಕಿದಾಗ ನಮ್ಮ ಮನೆಯಲ್ಲಿ ಮಾತು ಬಿಸಿಯಾಯಿತು. ನನಗೆ ಸಿಟ್ಟು ಬಂದಿತ್ತು, ಈಗಲೂ ಪೂರ್ತಿ ಇಳಿದಿಲ್ಲ. ದಶಮಾಂಶ ನಿಲ್ಲಿಸಲಿಲ್ಲ. ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸವಿದ್ದು, ಉಳಿದ ಊಟದ ಹಣವನ್ನು ಬಡವರಿಗೆಂದು ಕೊಡುವ ಕ್ರಮವಿದೆ. ಆ ಕಾಣಿಕೆಯನ್ನು ಹೆಚ್ಚಿಸಿದೆವು.

ಕುಟುಂಬವೇ ಸರ್ವಸ್ವ ಎನ್ನುವ ಈ ಧರ್ಮ ನನ್ನ ಹೆತ್ತವರಿಗೆ ನೋವು ಕೊಟ್ಟ ಸಂಗತಿಯನ್ನೂ ಹೇಳಬೇಕು. ನಮ್ಮ ವಿವಾಹ ನಡೆಯುವುದು ಭಾನುವಾರದ ಸಭಾಂಗಣದಲ್ಲಲ್ಲ, ವಿಶೇಷ ವಿಧಿಗಳಿಗೆಂದೇ ಇರುವ ದೇವಾಲಯದೊಳಗೆ, ಸಾವಿನಾಚೆಗೂ ಗಂಡಹೆಂಡಿರನ್ನು ಬೆಸೆಯುವ ವಿಧಿ ಅದು. ಒಳಗೆ ಹೋಗಲು ಬಿಷಪ್ ಸಂದರ್ಶನ ಮಾಡಿ ಕೊಡುವ ಅನುಮತಿ ಪತ್ರ ಬೇಕು, ಸದಸ್ಯರಲ್ಲದವರಿಗೆ ಪ್ರವೇಶವಿಲ್ಲ. ವೀಸಾ ಪಡೆದು ಸಮುದ್ರ ದಾಟಿ ಬಂದ ಅಪ್ಪ ಅಮ್ಮ ಮಗಳ ಮದುವೆಯ ಹೊತ್ತಿಗೆ ಹೊರಗಿನ ಹೂತೋಟದಲ್ಲಿ ಕೂತಿದ್ದರು. ಧಾರೆ ಎರೆಯದೆ ಹೆಣ್ಣು ಕೊಟ್ಟವರು ಎಂದು ಅಮ್ಮ ಈಗಲೂ ಆಡಿಕೊಳ್ಳುತ್ತಾಳೆ. ಮೊದಲು ಕಾನೂನಿನ ಮದುವೆ ಮಾಡಿಕೊಂಡರೆ ದೇವಾಲಯದ ವಿಧಿಗೆ ಅಮೆರಿಕದಲ್ಲಿ ಆಗ ಒಂದು ವರ್ಷ ಕಾಯಬೇಕಿತ್ತು. 2019ರ ಮೇ ತಿಂಗಳಲ್ಲಿ ಆ ನಿಯಮ ತೆಗೆದರು. ನಮಗೆ ತಡವಾಯಿತು. ಈಗ ಮದುವೆಯಾಗುವವರಿಗೆ ನನ್ನ ಸಲಹೆ ಒಂದೇ: ಎಲ್ಲರ ಕಣ್ಣೆದುರು ಮದುವೆಯಾಗಿ, ಆಮೇಲೆ ದೇವಾಲಯಕ್ಕೆ ಹೋಗಿ. ಭಾರತದ ಮೊದಲ ದೇವಾಲಯ ಬೆಂಗಳೂರಿಗೆ ಎಂದು 2018ರ ಏಪ್ರಿಲ್‌ನಲ್ಲಿ ಘೋಷಣೆಯಾಗಿ, 2020ರ ಡಿಸೆಂಬರ್‌ನಲ್ಲಿ ಭೂಮಿ ಅಗೆದಾಗ ನಾನು ಮೊದಲು ನೆನೆದದ್ದು ಆ ಹೂತೋಟವನ್ನು.

ಸತ್ತವರ ವಿಷಯದಲ್ಲಿ ಅಮ್ಮನೂ ನಾನೂ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಮಾರ್ಮನ್ನರು ವಂಶಾವಳಿಯ ಹುಚ್ಚರು. ತೀರಿಹೋದ ಹಿರಿಯರ ಪರವಾಗಿ ದೇವಾಲಯದಲ್ಲಿ ದೀಕ್ಷಾಸ್ನಾನ ಮಾಡುವ ನಂಬಿಕೆ ಇದರ ಹಿಂದಿದೆ. ಚರ್ಚ್ ನಡೆಸುವ ಫ್ಯಾಮಿಲಿಸರ್ಚ್ ಸಂಸ್ಥೆ ಹರಿದ್ವಾರದಂಥ ಕ್ಷೇತ್ರಗಳ ಪಂಡರ, ಅಂದರೆ ತೀರ್ಥಪುರೋಹಿತರ, ವಂಶಾವಳಿ ಪುಸ್ತಕಗಳನ್ನು ಸಹ ಮೈಕ್ರೋಫಿಲ್ಮ್ ಮಾಡಿಟ್ಟುಕೊಂಡಿದೆ. ಎತ್ತಿನ ಮೇಲೆ ಊರೂರಿಗೆ ಬಂದು ವಂಶದ ಹೆಸರುಗಳನ್ನು ಕೊಂಡಾಡುವ ನಮ್ಮ ಹೆಳವರ ಬಗ್ಗೆ ವಾರ್ಡಿನಲ್ಲಿ ಹೇಳಿದ ಸಂಜೆ ಮುದುಕರೆಲ್ಲ ಕಿವಿ ನಿಮಿರಿಸಿ ಕೂತಿದ್ದರು. ಆದರೆ ಅಮ್ಮ ಸ್ಪಷ್ಟವಾಗಿ ಹೇಳಿದ್ದಾಳೆ: ‘ನಮ್ಮ ಅವ್ವನಿಗೆ ಅಲ್ಲಿ ಸ್ನಾನ ಮಾಡಿಸಬೇಡ.’ ನೂರಹತ್ತು ವರ್ಷದೊಳಗೆ ಹುಟ್ಟಿದವರಿಗೆ ಈ ವಿಧಿ ಮಾಡಲು ಹತ್ತಿರದ ಬಂಧುವಿನ ಒಪ್ಪಿಗೆ ಬೇಕೆಂದು ಚರ್ಚ್‌ನ ನಿಯಮವೇ ಇದೆ. ಹಾಗಾಗಿ ಅಜ್ಜಿಯ ಹೆಸರನ್ನು ದೇವಾಲಯಕ್ಕೆ ಕಳಿಸಿಲ್ಲ. ಅಜ್ಜಿಯ ಕಥೆಗಳನ್ನು ಮಾತ್ರ ಅಮ್ಮನಿಂದ ಹೇಳಿಸಿ, ಬರೆದು, ಚಿತ್ರ ಹಾಕಿ ಇಡುತ್ತಿದ್ದೇನೆ. ನಮ್ಮ ಚರ್ಚ್‌ನಲ್ಲಿ ದಿನಚರಿ ಬರೆಯುವುದೂ ಧರ್ಮಕಾರ್ಯವೇ.

ಕಲಾವಿದೆಯಾಗಿ ಇಲ್ಲಿ ಇಕ್ಕಟ್ಟಿಲ್ಲವೇ ಎಂದು ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಇದೆ. ನಾನು ಓದಿದ, ಚರ್ಚ್ ನಡೆಸುವ ವಿಶ್ವವಿದ್ಯಾಲಯದಲ್ಲಿ ನಗ್ನ ಮಾದರಿಗಳಿಲ್ಲ, ಈಜುಡುಗೆ ತೊಟ್ಟವರನ್ನು ನೋಡಿ ದೇಹ ಬರೆಯುತ್ತೇವೆ. ನನಗೆ ಅದು ಅಷ್ಟೇನೂ ಕಾಡಲಿಲ್ಲ, ಏಕೆಂದರೆ ಶಾಲೆಯ ರಜೆಗಳಲ್ಲಿ ಬೇಲೂರಿಗೆ ಹೋಗಿ ಮದನಿಕೆಯರ ಸೊಂಟದ ತಿರುವನ್ನು ಬರೆದು ಬರೆದು ಕೈ ಪಳಗಿತ್ತು. ಹೆಚ್ಚು ನೋವು ಕೊಟ್ಟಿದ್ದು ಬೇರೆ. ಯೂಟಾದ ರಾಜಧಾನಿಯಲ್ಲಿರುವ ಸಾಲ್ಟ್ ಲೇಕ್ ದೇವಾಲಯದ ಗೋಡೆಗಳನ್ನು ಚಿತ್ರಿಸಲೆಂದೇ ಚರ್ಚ್ 1890ರಲ್ಲಿ ತನ್ನ ಯುವ ಕಲಾವಿದರನ್ನು ಧರ್ಮಪ್ರಚಾರಕರ ಹೆಸರಿನಲ್ಲಿ ಪ್ಯಾರಿಸ್‌ನ ಅಕಾಡೆಮಿ ಜೂಲಿಯನ್ ಎಂಬ ಕಲಾಶಾಲೆಗೆ ಕಲಿಯಲು ಕಳಿಸಿತ್ತು. ಬಡ ರೈತ ಸಮುದಾಯವೊಂದು ಮಾಡಿದ ಎಂಥ ಕೆಲಸ ಅದು! ದೇವಾಲಯದ ನವೀಕರಣದಲ್ಲಿ ಆ ಭಿತ್ತಿಚಿತ್ರಗಳನ್ನು ತೆಗೆಯುತ್ತೇವೆಂದು 2021ರ ಮಾರ್ಚ್‌ನಲ್ಲಿ ಪ್ರಕಟಿಸಿದರು. ಕಟ್ಟಡದ ಬಲವರ್ಧನೆಯ ಕಾರಣಗಳನ್ನು ಓದಿದೆ, ನನಗೆ ಒಪ್ಪಿಗೆಯಾಗಲಿಲ್ಲ. ಯೂಟಾದ ಇನ್ನೊಂದು ಊರಾದ ಮ್ಯಾಂಟೈ ದೇವಾಲಯದಲ್ಲಿ ಮಿನರ್ವಾ ಟೈಕರ್ಟ್ ಎಂಬ ಕಲಾವಿದೆ ಬರೆದ ಭಿತ್ತಿಚಿತ್ರಗಳಿಗೂ ಅದೇ ಗತಿ ಕಾದಿತ್ತು. ಜನ ದನಿ ಎತ್ತಿದರು, ಮೇ ತಿಂಗಳಲ್ಲಿ ಅವನ್ನು ಅಲ್ಲೇ ಉಳಿಸುವ ತೀರ್ಮಾನ ಬಂತು.

ಟೈಕರ್ಟ್ ನನ್ನ ಮಟ್ಟಿಗೆ ಸಂತಳು. ನ್ಯೂಯಾರ್ಕಿನಲ್ಲಿ ಹೆಸರಾಂತ ಚಿತ್ರಕಾರ ರಾಬರ್ಟ್ ಹೆನ್ರಿಯ ಶಿಷ್ಯೆಯಾಗಿದ್ದವಳು ಮರಳಿ ಬಂದು ದನಗಾಹಿಯನ್ನು ಮದುವೆಯಾಗಿ ವಯೋಮಿಂಗ್‌ನ ಕೋಕ್‌ವಿಲ್ ಎಂಬ ಹಳ್ಳಿಯಲ್ಲಿ ಐದು ಮಕ್ಕಳನ್ನು ಸಾಕಿದಳು. ಗೋಡೆಯಷ್ಟು ದೊಡ್ಡ ಚಿತ್ರಗಳನ್ನು ಪುಟ್ಟ ನಡುಮನೆಯಲ್ಲೇ ಬರೆದಳು, ಮಕ್ಕಳ ಕಾಲೇಜು ಶುಲ್ಕವನ್ನು ಚಿತ್ರ ಕೊಟ್ಟು ತೀರಿಸಿದಳು. ಹಿಂದೆ ಸರಿದು ನೋಡಲು ಜಾಗವಿಲ್ಲದ್ದರಿಂದ ಬೈನಾಕ್ಯುಲರ್ ಅನ್ನು ತಿರುಗಾಮುರುಗಾ ಹಿಡಿದು ಚಿತ್ರವನ್ನು ದೂರ ಮಾಡಿಕೊಂಡು ನೋಡುತ್ತಿದ್ದಳು. ನನ್ನ ಮೇಜು ಇರುವುದೂ ಊಟದ ಕೋಣೆಯ ಮೂಲೆಯಲ್ಲೇ. ಹಳೆಯ ಸಾಮಾನಿನ ಮಾರಾಟದಲ್ಲಿ ನಾನೂ ಒಂದು ಬೈನಾಕ್ಯುಲರ್ ಕೊಂಡು ತಂದೆ. ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ, ಬಣ್ಣದ ತೂಕ ತಪ್ಪಿದ್ದು ತಕ್ಷಣ ಕಾಣುತ್ತದೆ. ಸದ್ಯಕ್ಕೆ ಅದು ಮಗನ ವಶದಲ್ಲಿದೆ, ಪಕ್ಕದ ಮನೆಯ ನಾಯಿಯ ಮೇಲೆ ಕಣ್ಣಿಡಲು.